ಬಿಸಿಗಣ್ಣು, ಗೂಬೆಗಣ್ಣು

ಅಕ್ಟೋಬರ್ 6, ಸೋಮವಾರ

ಬಂತು! ಬಂತು! ಕೊನೆಗೂ ಬಂತು! ಅಗ್ನಿಶಾಮಕ ಠಾಣೆಯವರು ಮೂರು ತಿಂಗಳಿಂದ ಇವತ್ತು ನಾಳೆ ಎಂದು ಸತಾಯಿಸಿ ಥರ್ಮಲ್ ಕ್ಯಾಮೆರಾ ಕಳಿಸಿಕೊಟ್ಟಿದ್ದಾರೆ. ಅವರಿಗೆ ದೊಡ್ಡದು ಬಂತಂತೆ, ಈ ಚಿಕ್ಕದು ಬೇಡವಾಯಿತಂತೆ. ನನಗೆ ಬೇಕು ಮಹಾರಾಯರೇ! ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟೇ ಗಾತ್ರ.

ನಮ್ಮ ರಕ್ಷಣಾ ಠಾಣೆಯ ಮುಖ್ಯಸ್ಥರ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಸೀಟಿ ಸರ್. ಡಬ್ಬಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕೇಳಿದರು: "ಏನಮ್ಮಾ, ಇದನ್ನ ಆ ಹೆಲ್ಮೆಟ್ಟಿಗೆ ಸೇರಿಸೋಕಾಗುತ್ತಾ?"

"ಆಗದೆ ಏನು ಸರ್! ಎರಡು ವಾರ ಕೊಡಿ."

ಹೇಳುವುದು ಹೇಳಿಬಿಟ್ಟೆ. ಆ ಹೆಲ್ಮೆಟ್ಟಿನ ಮುಂದೆ ಈಗಾಗಲೇ ನೈಟ್ ವಿಷನ್ನಿನ ಎರಡು ಕೊಳವೆಗಳಿವೆ. ನಕ್ಷತ್ರದಷ್ಟು ಬೆಳಕಿದ್ದರೂ ಸಾಕು, ಕಲ್ಲು, ಮರ, ದಾರಿ ಎಲ್ಲ ಹಸಿರು ಹಸಿರಾಗಿ ಕಾಣುತ್ತದೆ. ಆದರೆ ಪೊದೆಯ ಕೆಳಗೆ ಮುದುಡಿ ಮಲಗಿದ ಮನುಷ್ಯನೂ ಅದರಲ್ಲಿ ಒಂದು ಕಲ್ಲೇ. ಥರ್ಮಲ್ಲಿನ ಕಥೆ ತಿರುಗುಮುರುಗು. ಮೈಯ ಬಿಸಿ ಹೊಳೆಯುತ್ತದೆ ನಿಜ, ಆದರೆ ಆ ಮನುಷ್ಯ ಕೂತಿರುವುದು ದಾರಿಯಲ್ಲೋ ಹಳ್ಳದಲ್ಲೋ ತಿಳಿಯುವುದಿಲ್ಲ. ಬಲಗಡೆಯ ಕೊಳವೆಯ ಮೂತಿಗೆ ಈ ಡಬ್ಬಿ ಕೂಡಿಸಿದರೆ, ಹಸಿರು ಚಿತ್ರದ ಮೇಲೆ ಬಿಸಿಯಿದ್ದಲ್ಲೆಲ್ಲ ಬಿಳಿ ಗೆರೆ ಬರೆದಂತಾಗುತ್ತದೆ. ಯೋಚಿಸಿದರೇ ಮೈ ಜುಂ ಎನ್ನುತ್ತದೆ!

ಹಾಕಿಕೊಂಡು ಬೆಟ್ಟಕ್ಕೆ ಹೋಗುವವನು ಉದ್ದಣ್ಣ. ನಮ್ಮ ತಂಡದಲ್ಲಿ ಅವನಷ್ಟು ಎತ್ತರ, ಅವನಷ್ಟು ಗಟ್ಟಿ ಆಳು ಇನ್ನೊಬ್ಬನಿಲ್ಲ. ನಾನು ಸಾಮಾನಿನ ಕೋಣೆಯವಳು. ಹಗ್ಗ ಸುತ್ತಿಡುವುದು, ಬ್ಯಾಟರಿ ಚಾರ್ಜಿಗೆ ಹಾಕುವುದು. ಎರಡು ವರ್ಷದಿಂದ ಬೆಟ್ಟ ಹತ್ತಿಲ್ಲ, ಹತ್ತುವುದೂ ಇಲ್ಲ. ನನ್ನದು ಬರೀ ಜೋಡಿಸುವ ಕೆಲಸ.

ಅಕ್ಟೋಬರ್ 7, ಮಂಗಳವಾರ

ಸೀಟಿ ಸರ್ ಒಪ್ಪಿದರೆಂದು ಡಬ್ಬಿಯನ್ನು ಮನೆಗೇ ತಂದೆ. ಮೊದಲ ಬೇಟೆ ಇವರು, ನಮ್ಮ ಯಜಮಾನರು. ಬೇಕರಿಯಿಂದ ಬಂದು ಊಟಕ್ಕೆ ಕೂತಿದ್ದರು. ಡಬ್ಬಿ ಹಿಡಿದು ನೋಡಿದರೆ ಮುಖವೆಲ್ಲ ಬೆಳ್ಳಗೆ ಫಳಫಳ, ಮೂಗಿನ ತುದಿ ಮಾತ್ರ ಕಪ್ಪು!

"ನಿಮ್ಮ ಮೂಗು ತಣ್ಣಗಿದೆ ಕಣ್ರೀ, ನಾಯಿ ಮೂಗಿನ ಹಾಗೆ."

"ದಿನವಿಡೀ ಒಲೆ ಮುಂದೆ ಬೇಯೋನು ನಾನು, ತಣ್ಣಗಾ? ಕೆಟ್ಟ ಡಬ್ಬಿ ಕೊಟ್ಟು ಕಳಿಸಿದ್ದಾರೆ ನಿನಗೆ, ವಾಪಸ್ ಮಾಡು."

ಅತ್ತೆ ಹಿತ್ತಲಿಗೆ ಹೋಗಿ ಕಿಟಕಿಯ ಆಚೆ ನಿಂತು ಕೈಬೀಸಿದರು. ಡಬ್ಬಿಯಲ್ಲಿ ಅತ್ತೆಯೇ ಇಲ್ಲ! ಗಾಜಿನಲ್ಲಿ ನನ್ನದೇ ಮಸುಕು ಮುಖ. ಗಾಜು ದಾಟಿ ಬಿಸಿ ಕಾಣದು ಎಂದು ಓದಿದ್ದೆ, ಆದರೂ ಕಣ್ಣಾರೆ ನೋಡಿದಾಗ ಚಪ್ಪಾಳೆ ತಟ್ಟುವಂತಾಯಿತು.

"ಅತ್ತೇ, ನೀವು ಮಾಯ!"

"ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ನಾನು ಯಾರ ಕಣ್ಣಿಗೆ ಬಿದ್ದಿದ್ದೀನಿ ಬಿಡು," ಎಂದರು. ಅಷ್ಟು ಹೇಳಿದವರು ಡಬ್ಬಿ ಕಸಿದುಕೊಂಡು ಅರ್ಧ ಗಂಟೆ ಕೊಡಲೇ ಇಲ್ಲ. ಅವರೇ ನಾಮಕರಣವನ್ನೂ ಮುಗಿಸಿದರು. ಥರ್ಮಲ್ ಎಂದರೆ ಬಿಸಿಗಣ್ಣು, ನೈಟ್ ವಿಷನ್ ಎಂದರೆ ಗೂಬೆಗಣ್ಣು. ಎರಡೂ ಸೇರಿದ ದಿನ ಬಯಲಿನಲ್ಲಿ ತಾವು ಅಡಗಿಕೊಳ್ಳುತ್ತಾರಂತೆ, ನಾನು ಹುಡುಕಬೇಕಂತೆ. ಚಿಕ್ಕಂದಿನ ಕಣ್ಣಾಮುಚ್ಚಾಲೆಯಲ್ಲಿ ಅವರನ್ನು ಹಿಡಿದವರೇ ಇಲ್ಲವಂತೆ. ಈಗ ಅತ್ತೆಗೆ ಅರವತ್ತೆಂಟು ವರ್ಷ!

ಅಕ್ಟೋಬರ್ 9, ಗುರುವಾರ

ಡಬ್ಬಿಯನ್ನು ಕೊಳವೆಗೆ ಕೂಡಿಸುವ ಹಿಡಿ ಮುರಿಯಿತು. ಎರಡು ದಿನ ಅರ ಹಾಕಿ ಉಜ್ಜಿ ಮಾಡಿದ ಹಿಡಿ, ತಿರುಪು ಬಿಗಿಮಾಡುವಾಗ ಕಟ್ ಎಂದು ಎರಡಾಯಿತು. ಅರವನ್ನು ಗೋಡೆಗೆ ಎಸೆದೆ.

ಸಿಟ್ಟು ಬಂದ ದಿನ ಹದಿನಾಲ್ಕನೇ ಚೌಕ ನೆನಪಾಗಲೇಬೇಕು. ಬರೆದುಬಿಡುತ್ತೇನೆ, ಹೇಗೂ ಇದನ್ನು ಓದುವವರು ಯಾರಿದ್ದಾರೆ. ನಮ್ಮ ಠಾಣೆಯಲ್ಲಿ ಬೆಟ್ಟದ ನಕ್ಷೆಯನ್ನು ಚೌಕ ಚೌಕ ಮಾಡಿ ಹಂಚುತ್ತಾರೆ. ತನ್ನ ಚೌಕ ಹುಡುಕಿ ಮುಗಿಸಿದವರು "ಖಾಲಿ" ಎಂದು ಗಟ್ಟಿಯಾಗಿ ಕೂಗಬೇಕು, ವೈರ್‌ಲೆಸ್ಸಿನಲ್ಲೂ ಹೇಳಬೇಕು. ಕೆಳಗೆ ಸೀಟಿ ಸರ್ ಆ ಚೌಕಕ್ಕೆ ಕೆಂಪು ಗೀಟು ಎಳೆಯುತ್ತಾರೆ. ಗೀಟು ಬಿದ್ದ ಚೌಕಕ್ಕೆ ಆ ಹುಡುಕಾಟದಲ್ಲಿ ಮತ್ತೆ ಯಾರೂ ಕಾಲಿಡುವುದಿಲ್ಲ. ಎರಡು ವರ್ಷದ ಹಿಂದೆ, ಅಣಬೆ ಆರಿಸಲು ಹೋದ ಹೆಂಗಸೊಬ್ಬಳು ಕಾಣೆಯಾದಾಗ, ಹದಿನಾಲ್ಕಕ್ಕೆ ಖಾಲಿ ಎಂದವಳು ನಾನು. ನಾನು ನಿಂತ ಜಾಗದಿಂದ ಹನ್ನೆರಡು ಹೆಜ್ಜೆಗೆ, ಪೊದೆಯ ಕೆಳಗೆ, ಪ್ರಜ್ಞೆಯಿಲ್ಲದೆ ಅವಳು ಬಿದ್ದಿದ್ದಳು. ಸಿಕ್ಕಿದ್ದು ಮೂರನೇ ದಿನ, ಅದೂ ದನ ಕಾಯುವವರ ಕಣ್ಣಿಗೆ. ಜೀವ ಉಳಿಯಿತು, ಚಳಿಗೆ ಸೆಟೆದ ಒಂದು ಪಾದದ ಬೆರಳುಗಳು ಉಳಿಯಲಿಲ್ಲ. ಮರುದಿನವೇ ನಾನು ಸಾಮಾನಿನ ಕೋಣೆ ಕೇಳಿ ಪಡೆದೆ.

ನಾಳೆ ದಪ್ಪ ಅಲ್ಯೂಮಿನಿಯಂ ತಗಡು ತರಬೇಕು.

ಅಕ್ಟೋಬರ್ 12, ಭಾನುವಾರ

ಕಂಡೆ! ಎರಡೂ ಒಟ್ಟಿಗೆ ಕಂಡೆ!

ನಿನ್ನೆ ರಾತ್ರಿ ಹಿತ್ತಲಿನ ದೀಪ ಆರಿಸಿ, ಹೆಲ್ಮೆಟ್ಟು ಹಾಕಿ, ಮೊದಲು ಗೂಬೆಗಣ್ಣು, ಆಮೇಲೆ ಬಿಸಿಗಣ್ಣು. ಅಬ್ಬಬ್ಬಾ! ಹಸಿರು ಸೌದೆರಾಶಿಯ ಸಂದಿಯಲ್ಲಿ ಸಾಲಾಗಿ ಆರು ಬಿಳಿ ಚುಕ್ಕಿ. ಇಲಿಮರಿಗಳು! ಎಷ್ಟು ದಿನದಿಂದ ಬಾಡಿಗೆಯಿಲ್ಲದೆ ಇದ್ದಾವೋ. ಬೆಕ್ಕು ಮಲಗಿ ಎದ್ದುಹೋದ ಮೆಟ್ಟಿಲ ಮೇಲೆ ಬೆಕ್ಕಿನದೇ ಆಕಾರ, ನೋಡನೋಡುತ್ತ ಮಾಸಿತು. ಗೋಡೆಗೆ ಅಂಗೈ ಒತ್ತಿ ತೆಗೆದರೆ ನನ್ನ ಅಂಗೈ ಗೋಡೆಯಲ್ಲೇ ಉಳಿಯಿತು. ಮಕ್ಕಳ ಹಾಗೆ ಗೋಡೆ ತುಂಬ ಅಂಗೈ ಒತ್ತುತ್ತ ಓಡಾಡಿದೆ. ಅತ್ತೆ ಬಾಗಿಲಲ್ಲಿ ನಿಂತು, "ಇವಳಿಗೆ ಏನೋ ಹಿಡಿದಿದೆ," ಎಂದು ಇವರಿಗೆ ದೂರು ಕೊಟ್ಟರು.

ಒಂದೇ ತೊಂದರೆ, ಮುಂಭಾರ. ಕುತ್ತಿಗೆ ಮುರಿದು ಎದೆಗೆ ಬಿದ್ದಂತಾಗುತ್ತದೆ. ಇವರ ಬೇಕರಿಯ ತಕ್ಕಡಿಯಿಂದ ಕಾಲು ಕಿಲೋದ ತೂಕದ ಕಲ್ಲು ತಂದು ಹಿಂದೆ ಕಟ್ಟಿದೆ. ಸರಿಹೋಯಿತು. ಕಲ್ಲು ಎಲ್ಲಿ ಎಂದು ಇವರು ಇನ್ನೂ ಹುಡುಕುತ್ತಿದ್ದಾರೆ.

ಇವತ್ತು ಸಂಜೆ ಠಾಣೆಯಲ್ಲಿ ಉದ್ದಣ್ಣನ ತಲೆಗೆ ಹಾಕಿದೆವು. ಒಂದು ಕಣ್ಣಲ್ಲಿ ಬಿಳಿ ಗೆರೆ, ಇನ್ನೊಂದರಲ್ಲಿ ಇಲ್ಲ. ಮೂರು ಹೆಜ್ಜೆ ನಡೆದ. "ಅಕ್ಕಾ, ನೆಲ ತಿರುಗ್ತಿದೆ," ಎಂದ. ಸೀಟಿ ಸರ್ ಬೂಟಿನ ಮೇಲೆ ವಾಂತಿ ಮಾಡಿದ. ಅಷ್ಟು ದೊಡ್ಡ ಆಳು!

ಅಕ್ಟೋಬರ್ 14, ಮಂಗಳವಾರ

ಅತ್ತೆ ಗೆದ್ದರು. ನಾನು ಸೋತೆ. ಸೋತು ಖುಷಿಪಟ್ಟೆ, ಯಾಕೆಂದರೆ ಇಲ್ಲಿ ಸೋಲದಿದ್ದರೆ ಬೆಟ್ಟದಲ್ಲಿ ಸೋಲುತ್ತಿದ್ದೆವು.

ಠಾಣೆಯ ಹಿಂದಿನ ಬಯಲಿನ ತುದಿಯಲ್ಲಿ ಸಾಲಾಗಿ ಪೊದೆಗಳು. ಸೀಟಿ ಸರ್, ಉದ್ದಣ್ಣ ಎಲ್ಲ ನೋಡಲು ನಿಂತಿದ್ದಾರೆ. ಅತ್ತೆ ಶಾಲು ಹೊದ್ದು ಮಡಚುವ ಕುರ್ಚಿ ಹಿಡಿದು ಕತ್ತಲಲ್ಲಿ ಕರಗಿದರು. ಇನ್ನೂರು ಹೆಜ್ಜೆ ದೂರದಿಂದ ನೋಡಿದೆ. ಮೂರನೇ ಪೊದೆಯ ಮೇಲೆ ದಪ್ಪಗೆ ಬಿಳಿ ಗೆರೆ. "ಸಿಕ್ಕರು!" ಎಂದು ಘೋಷಿಸಿ, ಬೀಗುತ್ತ ಹೋಗಿ ಪೊದೆ ಸರಿಸಿದೆ. ಯಾರೂ ಇಲ್ಲ! ಪಕ್ಕದ ಪೊದೆಯಿಂದ ಕಿಸಕ್ ಎಂದು ನಗು.

"ಏನೇ, ನಿನ್ನ ಬಿಸಿಗಣ್ಣಿಗೆ ಮೆಳ್ಳೆಗಣ್ಣೇನೇ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ತಲೆ ಮಾತ್ರ ಲೆಕ್ಕಕ್ಕೆ ಓಡಿತು. ಎರಡು ಮಸೂರಗಳ ನಡುವೆ ನಾಲ್ಕು ಬೆರಳು ಅಂತರವಿದೆ. ಹಿತ್ತಲಿನ ಗೋಡೆಗೆ ಬಿಸಿನೀರಿನ ಬಾಟಲಿ ನೇತುಹಾಕಿ, ಎಂಟು ಹೆಜ್ಜೆಯಿಂದ ನೋಡಿ ಎರಡು ಚಿತ್ರವನ್ನೂ ಕೂಡಿಸಿದ್ದೆ. ಎಂಟು ಹೆಜ್ಜೆಗೆ ಕೂಡಿದ ಚಿತ್ರ ದೂರ ಹೋದಷ್ಟೂ ಪಕ್ಕಕ್ಕೆ ಸರಿಯುತ್ತದೆ. ಇನ್ನೂರು ಹೆಜ್ಜೆಗೆ ಮೂರು ಮೊಳ! ಬಯಲಿನಲ್ಲಿ ಮೂರು ಮೊಳ ಎಂದರೆ ಪಕ್ಕದ ಪೊದೆ. ಬೆಟ್ಟದ ಅಂಚಿನಲ್ಲಿ ಮೂರು ಮೊಳ ಎಂದರೆ ಪ್ರಪಾತ.

ದೂರದ್ದೇ ಬೇಕು. ದೂರದ್ದು, ಬಿಸಿಯಾದದ್ದು, ಅಂಚು ನೆಟ್ಟಗಿರುವುದು. ಏನಿದೆ ಅಂಥದ್ದು?

ಅಕ್ಟೋಬರ್ 15, ಬುಧವಾರ

ಇವರ ಬೇಕರಿಯ ಚಿಮಣಿ!

ಬೆಳಗಿನ ಜಾವ ನಾಲ್ಕು ಗಂಟೆಗೆ ತಾರಸಿ ಹತ್ತಿದೆ. ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ. ಹಸಿರಿನಲ್ಲಿ ನೆಟ್ಟಗೆ ನಿಂತ ಚಿಮಣಿ, ಪಕ್ಕದಲ್ಲಿ ಅದರದೇ ಬಿಳಿ ಗೆರೆ ಜಾರಿ ನಿಂತಿದೆ. ಇವರಿಗೆ ಫೋನ್ ಹಚ್ಚಿದೆ.

"ರೀ, ಸ್ವಲ್ಪ ಬೆಂಕಿ ಜಾಸ್ತಿ ಮಾಡ್ರೀ."

"ಬ್ರೆಡ್ ಸೀದುಹೋದ್ರೆ ನೀನೇ ತಿನ್ನಬೇಕು."

"ತಿಂತೀನಿ, ಮಾಡ್ರೀ!"

ಒಂದು ತಿರುಪನ್ನು ಕೂದಲೆಳೆಯಷ್ಟು, ಇನ್ನೊಂದನ್ನು ಅದರ ಅರ್ಧ. ಗೆರೆ ಮೆಲ್ಲಗೆ ಸರಿದು ಇಟ್ಟಿಗೆಯ ಅಂಚಿನ ಮೇಲೆ ಹೋಗಿ ಕೂತಿತು. ಕಣ್ಣಲ್ಲಿ ನೀರು ಬಂತು, ನಿದ್ದೆಗೆಟ್ಟದ್ದಕ್ಕೂ ಇರಬಹುದು. ಸಂಜೆ ಬಯಲಿನಲ್ಲಿ ಅತ್ತೆಯನ್ನು ನಾಲ್ಕು ಸಲ ಹುಡುಕಿದೆ, ನಾಲ್ಕು ಸಲವೂ ಹಿಡಿದೆ. ಐದನೇ ಸಲ ಅವರಿಗೇ ಬೇಸರವಾಗಿ ಎದ್ದು ಮನೆಗೆ ಹೋದರು.

ಮೂರು ಹೊತ್ತೂ ಸೀದ ಬ್ರೆಡ್ಡೇ ತಿಂದೆ.

ಅಕ್ಟೋಬರ್ 18, ಶನಿವಾರ

ಇವತ್ತು ತಂಡದ ಎಂಟೂ ಜನ ಸರದಿಯಲ್ಲಿ ಹಾಕಿ ನೋಡಿದರು. ಒಬ್ಬರಿಗೆ ತಲೆಸುತ್ತು, ಒಬ್ಬರಿಗೆ ತಲೆನೋವು, ಒಬ್ಬರು ಕಂಬಕ್ಕೆ ಢಿಕ್ಕಿ ಹೊಡೆದರು. ಉದ್ದಣ್ಣನಂತೂ ಕೈಮುಗಿದ. "ನನಗೆ ನನ್ನ ಟಾರ್ಚೇ ಸಾಕು ಅಕ್ಕಾ."

"ಚಳಿಗಾಲ ಬಂತು. ಯಾರಾದ್ರೂ ಹಾಕ್ಕೊಳ್ಳಲೇಬೇಕಲ್ಲ," ಎಂದು ಸೀಟಿ ಸರ್ ಕಿಟಕಿಯ ಹೊರಗೆ ನೋಡುತ್ತ ಹೇಳಿದರು. ನನ್ನ ಕಡೆ ತಿರುಗಲೇ ಇಲ್ಲ. ತಿರುಗಿ ನೋಡಿದ್ದರೆ ಆಗಲ್ಲ ಎಂದು ಮುಖಕ್ಕೇ ಹೇಳಬಹುದಿತ್ತು.

"ನಾನು ಎಲ್ಲರಿಗೂ ಕಲಿಸ್ತೀನಿ ಸರ್," ಎಂದೆ.

ಮನೆಯಲ್ಲಿ ಅತ್ತೆ ಕೇಳಿದರು: "ಎಲ್ಲರ ತಲೆ ತಿರುಗುತ್ತೆ, ನಿನ್ನ ತಲೆ ಮಾತ್ರ ಯಾಕೆ ತಿರುಗಲ್ಲ?"

"ನಾನೇ ಮಾಡಿದ್ದಲ್ವಾ ಅತ್ತೆ, ಅಭ್ಯಾಸ ಆಗಿದೆ."

"ಹೂಂ," ಎಂದರು. ಅತ್ತೆಯ ಹೂಂ ಎಂದರೆ ಒಂದು ಭಾಷಣ.

ಅಕ್ಟೋಬರ್ 20, ಸೋಮವಾರ

ಬ್ಯಾಟರಿ ಪರೀಕ್ಷೆ ಇವತ್ತು. ಚಳಿಯಲ್ಲಿ ಬ್ಯಾಟರಿ ಬೇಗ ಕೈಕೊಡುತ್ತದೆ, ಅದನ್ನು ಕೋಣೆಯಲ್ಲಿ ಕೂತು ಪರೀಕ್ಷಿಸಲಾಗದು. ಬೆಟ್ಟದ ಬುಡದವರೆಗೆ ಹೋದೆ. ಬುಡದಲ್ಲಿ ಅಷ್ಟೇನೂ ಚಳಿಯಿರಲಿಲ್ಲ, ಮೊದಲ ತಿರುವಿಗೆ ಹೋದೆ. ಅಲ್ಲಿ ಗಾಳಿಗೆ ಮರೆಯಿತ್ತು, ಆದ್ದರಿಂದ ಎರಡನೆಯ ತಿರುವು.

ಮಜಾ ಏನೆಂದರೆ, ಸೂರ್ಯ ಮುಳುಗಿದ ಹೊತ್ತಿಗೆ ಬೆಟ್ಟದ ಒಂದೊಂದು ಬಂಡೆಯೂ ಬಿಸಿ! ನಲವತ್ತು ಅತ್ತೆಯಂದಿರು ಕೂತಂತೆ. ಸುಮ್ಮನೆ ಕಾದೆ. ಬಂಡೆಗಳು ಒಂದೊಂದಾಗಿ ತಣಿದು ಹಸಿರಿನಲ್ಲಿ ಅಡಗಿದವು. ಒಂಬತ್ತೂವರೆಗೆ ಉಳಿದದ್ದು ಒಂದೇ ಬಿಳಿ ಗೆರೆ. ಅದಕ್ಕೆ ಎರಡು ಕಿವಿ ಇದ್ದವು. ಮೊಲ! ಅದರ ಹಿಂದೆಯೇ ತೊರೆಯವರೆಗೆ ಹೋದೆ.

ಬ್ಯಾಟರಿ ಐದು ಗಂಟೆ ಬಂತು. ಹಳೆ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಬಂದಿದೆ.

ಅಕ್ಟೋಬರ್ 23, ಗುರುವಾರ

ಫೋನ್ ಬಂತು. ಲೈನ್‌ಮನ್ ಒಬ್ಬ ಬೆಳಗ್ಗೆ ಬೆಟ್ಟದ ಮೇಲಿನ ವಿದ್ಯುತ್ ತಂತಿ ನೋಡಲು ಹೋದವನು ಇನ್ನೂ ಇಳಿದಿಲ್ಲ. ಗಾಳಿ ವಿಪರೀತ. ಯಾರಾದರೂ ಹೆಲ್ಮೆಟ್ಟು ಹಾಕಿಕೊಂಡರೆ ಬ್ಯಾಟರಿ ಬದಲಿಸಲು ಒಬ್ಬರು ಬೇಕಲ್ಲ. ಜೀಪಿನವರೆಗೆ ಹೋಗುತ್ತೇನೆ.

ಅಕ್ಟೋಬರ್ 24, ಶುಕ್ರವಾರ

ಮಲಗಲು ಹೋದೆ, ಆಗಲಿಲ್ಲ. ಮೈಯೆಲ್ಲ ಇನ್ನೂ ಓಡುತ್ತಿದೆ. ಬರೆಯುತ್ತೇನೆ.

ನಾನು ಜೀಪಿನಲ್ಲಿ ಸೀಟಿ ಸರ್ ಪಕ್ಕ, ಹೆಲ್ಮೆಟ್ಟು ತೊಡೆಯ ಮೇಲೆ. ಕೇಳಿದವರಿಗೆ ಕೊಡೋಣವೆಂದು. ಯಾರೂ ಕೇಳಲಿಲ್ಲ. ಎಂಟು ಜನ ಟಾರ್ಚು ಹಿಡಿದು ತಮ್ಮ ತಮ್ಮ ಚೌಕಕ್ಕೆ ಹತ್ತಿದರು. ಒಂಬತ್ತೂವರೆಗೆ ವೈರ್‌ಲೆಸ್ಸಿನಲ್ಲಿ ಉದ್ದಣ್ಣನ ದನಿ: "ಇಪ್ಪತ್ತೆರಡು, ಖಾಲಿ." ಸೀಟಿ ಸರ್ ಗೀಟು ಎಳೆದರು. ಹನ್ನೊಂದಕ್ಕೆ ನಕ್ಷೆಯ ತುಂಬ ಕೆಂಪು ಗೀಟು. ಇನ್ನು ಬೆಳಕು ಹರಿಯುವವರೆಗೆ ಕಾಯುವುದು ಎಂದರು. ಆ ಗಾಳಿಯಲ್ಲಿ ಬೆಳಗಿನವರೆಗೆ ಯಾರು ಉಳಿಯುತ್ತಾರೆ?

"ಸರ್, ಇಲ್ಲಿಂದಲೇ ಒಂದ್ಸಲ ನೋಡ್ತೀನಿ," ಎಂದೆ.

ಜೀಪಿನ ಹತ್ತಿರದಿಂದ ಏನೂ ಕಾಣಲಿಲ್ಲ. ಮೊದಲ ತಿರುವಿನಿಂದ ಕಾಣುತ್ತದೇನೋ ಎಂದು ಹೋದೆ. ಅಲ್ಲಿ ಮರ ಅಡ್ಡ. ಹೀಗೇ ಒಂದೊಂದು ತಿರುವು. ನೋಡಿದರೆ ಬೆಟ್ಟದ ಅಂಚಿನಲ್ಲಿದ್ದೇನೆ! ಇಪ್ಪತ್ತೆರಡನೇ ಚೌಕ. ಕಾಲ ಕೆಳಗೆ ಕಡಿದಾದ ಕೊರಕಲು. ಹೊಟ್ಟೆಯ ಮೇಲೆ ಮಲಗಿ ತಲೆ ಚಾಚಿ, ಹೆಲ್ಮೆಟ್ಟಿನಲ್ಲಿದ್ದ, ಬರಿಗಣ್ಣಿಗೆ ಕಾಣದ ಇನ್‌ಫ್ರಾರೆಡ್ ದೀಪ ಹಚ್ಚಿದೆ. ಅರವತ್ತು ಹೆಜ್ಜೆ ಕೆಳಗೆ ಗೂಬೆಗಣ್ಣಿಗೆ ಏನೋ ಝಗ್ ಎಂದಿತು. ಲೈನ್‌ಮನ್‌ಗಳ ಜಾಕೆಟ್ಟಿನ ಹೊಳೆಯುವ ಪಟ್ಟಿ!

"ಸರ್, ಜಾಕೆಟ್ಟು ಕಾಣ್ತಿದೆ!"

"ಬಿಸಿನಾ, ತಂಪಾ?"

ಕೇಳುವುದಕ್ಕೆ ಕಾರಣವಿದೆ. ರಾತ್ರಿ ಕೊರಕಲಿಗೆ ಇಳಿಯುವುದು ಜೀವವಿದ್ದವರಿಗಾಗಿ ಮಾತ್ರ. ಹೆಣಕ್ಕಾಗಿ ಇನ್ನೊಂದು ಜೀವ ಪಣಕ್ಕಿಡುವಂತಿಲ್ಲ. ನೋಡಿದೆ. ಎಷ್ಟು ನೋಡಿದರೂ ಬಿಳಿ ಗೆರೆಯಿಲ್ಲ.

"ತಂಪು ಸರ್."

ವೈರ್‌ಲೆಸ್ಸಿನಲ್ಲಿ ಸೀಟಿ ಸರ್ ದನಿ: "ಹಾಗಾದ್ರೆ ಬೆಳಗ್ಗೆ. ಬಂದ್ಬಿಡಮ್ಮಾ."

ನನಗೆ ಅಳು ಬಂತು, ಅಳುತ್ತಲೇ ನೋಡಿದೆ. ಬಿಸಿಗಣ್ಣು ಆರಿಸಿ ಬರೀ ಗೂಬೆಗಣ್ಣಿನಲ್ಲಿ. ಜಾಕೆಟ್ಟು ನೆಲದ ಮೇಲಿರಲಿಲ್ಲ, ಒಂದು ಗಿಡದ ಮೇಲಿತ್ತು. ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದರೂ ಹಾರಿಹೋಗುತ್ತಿರಲಿಲ್ಲ. ಎರಡು ತೋಳುಗಳನ್ನೂ ಕೊಂಬೆಗೆ ಸುತ್ತಿ ಗಂಟು ಹಾಕಿತ್ತು.

"ಸರ್! ಸತ್ತವನು ಗಂಟು ಹಾಕಲ್ಲ! ಯಾರಾದ್ರೂ ನೋಡಲಿ ಅಂತ ಕಟ್ಟಿದ್ದಾನೆ. ನಾನು ಇಳೀತೀನಿ, ಹಗ್ಗ ಹಿಡಿಯೋಕೆ ಉದ್ದಣ್ಣನ್ನ ಕಳಿಸಿ!"

ಉದ್ದಣ್ಣ ಏದುಸಿರು ಬಿಡುತ್ತ ಬಂದ. ಕೊರಕಲನ್ನು ನೋಡಿದ, ನನ್ನನ್ನು ನೋಡಿದ, ಹಗ್ಗವನ್ನು ಬಂಡೆಗೂ ಸೊಂಟಕ್ಕೂ ಸುತ್ತಿಕೊಂಡ. ಇಳಿದೆ. ಜಾಕೆಟ್ಟಿನ ಪಕ್ಕ ನಿಂತು ಬಿಸಿಗಣ್ಣು ಹಚ್ಚಿ ಮೆಲ್ಲಗೆ ತಲೆ ತಿರುಗಿಸಿದೆ. ಬಂಡೆ ತಂಪು. ಗಿಡ ತಂಪು. ಎಡಕ್ಕೆ ಬಂಡೆಯಲ್ಲೊಂದು ಬಿರುಕು, ಅದರ ತುಟಿಯಲ್ಲಿ ಬೆರಳಗಲದ ಬಿಳಿ ಗೆರೆ. ಮಸುಕಾಯಿತು. ಮತ್ತೆ ಬಂತು. ಮಸುಕಾಯಿತು. ಮತ್ತೆ ಬಂತು.

ಉಸಿರು! ಒಳಗಿನಿಂದ ಯಾರೋ ಬಿಡುತ್ತಿದ್ದ ಉಸಿರು!

"ಬಿಸಿ! ಬಿಸಿ ಸರ್! ಬಿಸಿ ಇದೆ!" ಎಂದು ಎಷ್ಟು ಸಲ ಕಿರುಚಿದೆನೋ. ಸೀಟಿ ಸರ್ ಕೆಳಗೆ ಹುಚ್ಚು ಹಿಡಿದವರಂತೆ ಸೀಟಿ ಊದುತ್ತಿದ್ದದ್ದು ಬೆಟ್ಟವೆಲ್ಲ ಕೇಳಿಸಿತು.

ಗಾಳಿಗೆ ತಪ್ಪಿಸಿಕೊಳ್ಳಲು ಬಿರುಕಿನೊಳಗೆ ತೂರಿಕೊಂಡಿದ್ದಾನೆ. ಕಾಲಿನ ಮೂಳೆ ಮುರಿದಿದೆ. ಮುಖ ಬಂಡೆಯಷ್ಟೇ ತಣ್ಣಗೆ. ಕೆನ್ನೆಗೆ ಅಂಗೈ ಇಟ್ಟು ತೆಗೆದೆ, ನನ್ನ ಐದು ಬೆರಳೂ ಅವನ ಕೆನ್ನೆಯ ಮೇಲೆ ಬೆಳ್ಳಗೆ ಮೂಡಿದವು. ಮತ್ತೆ ಇಟ್ಟೆ, ತೆಗೆಯಲಿಲ್ಲ. ಕಣ್ಣು ಬಿಟ್ಟು ನನ್ನ ಎರಡು ಕೊಳವೆಯ ಮುಖ ನೋಡಿ "ಅಯ್ಯಪ್ಪಾ!" ಎಂದ. ನಕ್ಕುಬಿಟ್ಟೆ, ಅಂಥ ಹೊತ್ತಿನಲ್ಲೂ.

ಅವನ ಸ್ಟ್ರೆಚರನ್ನು ಅಂಚಿಗೆ ಎಳೆದು ತರುವಾಗ ಗಂಟೆ ಮೂರು ಮುಕ್ಕಾಲು.

ಅಕ್ಟೋಬರ್ 25, ಶನಿವಾರ

ಮಲಗಿದೆ. ಎದ್ದೆ. ತಿಂದೆ. ಮತ್ತೆ ಮಲಗಿದೆ. ಕುತ್ತಿಗೆ ಹಿಡಿದು ಬಲಕ್ಕೆ ತಿರುಗುತ್ತಿಲ್ಲ, ಇರಲಿ ಬಿಡು!

ಅಕ್ಟೋಬರ್ 28, ಮಂಗಳವಾರ

ಆಸ್ಪತ್ರೆಗೆ ಹೋಗಿದ್ದೆವು, ಸೀಟಿ ಸರ್ ಮತ್ತು ನಾನು. ಲೈನ್‌ಮನ್ ದಿಂಬಿಗೆ ಒರಗಿ ಕೂತಿದ್ದ. ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ, ಬೆರಳೆಲ್ಲ ಸರಿಯಿವೆ. ನಾನೇ ಒಂದೊಂದಾಗಿ ಎಣಿಸಿದೆ.

"ಮೊದಲು ಒಂದ್ಸಲ ಮೇಲೆ ಬೆಳಕು ಬಂದಿತ್ತು," ಎಂದ. "ಕೂಗೋಣ ಅಂತ ಬಾಯಿ ತೆರೆದೆ, ದನಿ ಬರಲಿಲ್ಲ. ಯಾರೋ 'ಖಾಲಿ' ಅಂತ ಕೂಗಿದ್ರು. ಬೆಳಕು ಹೋಯ್ತು. ಆಗ ಅನ್ನಿಸ್ತು, ಇನ್ನು ಮುಗೀತು ಅಂತ."

ಬಾಗಿಲ ಬಳಿ ಸದ್ದಾಯಿತು. ಹಣ್ಣಿನ ಚೀಲ ಹಿಡಿದು ಉದ್ದಣ್ಣ ನಿಂತಿದ್ದ. ಚೀಲವನ್ನು ಅಲ್ಲೇ ನೆಲದ ಮೇಲಿಟ್ಟು ಹೊರಟುಹೋದ.

ಸಂಜೆ ಸಾಮಾನಿನ ಕೋಣೆಗೆ ಬಂದು ಹಗ್ಗದ ಸುರುಳಿಯ ಮೇಲೆ ಕೂತ. "ಅಕ್ಕಾ, ಈ ಕೋಣೆ ನನಗೆ ಬಿಟ್ಟುಕೊಡಿ. ನೀವು ಹೇಗೂ ಈಗ ಹೊರಗೆ ಹೋಗ್ತೀರಲ್ಲ."

"ನಾನಾ? ಯಾರು ಹೇಳಿದ್ದು?" ಎಂದೆ. ಆಮೇಲೆ ಅವನ ಮುಖ ನೋಡಿದೆ. ಎಲ್ಲಿತ್ತೋ ಸಿಟ್ಟು, ಉಕ್ಕಿ ಬಂತು. "ಏಳೋ ಮೇಲೆ! ಅಂಚಿನವರೆಗೆ ಹೋದೆಯಾ ನೀನು? ಕೆಳಗೆ ಬಗ್ಗಿ ಟಾರ್ಚು ಬಿಟ್ಟೆಯಾ? ಗಾಳಿಗೆ ಹೆದರಿ ನಾಲ್ಕು ಹೆಜ್ಜೆ ಹಿಂದೆಯೇ ನಿಂತು ಖಾಲಿ ಅಂದೆ. ಹೌದೋ ಅಲ್ವೋ?"

"ಹೌದು ಅಕ್ಕಾ."

"ತಪ್ಪು ಅದು. ಒಂದು ಜೀವ ಹೋಗ್ತಿತ್ತು."

"ಹೌದು." ಅಷ್ಟು ಎತ್ತರದ ಮನುಷ್ಯ ಮಗುವಿನ ಹಾಗೆ ಅತ್ತ. ನಾನೂ ಅತ್ತುಬಿಟ್ಟೆ. ಅಳುತ್ತಲೇ ಬೈದೆ: "ನನಗೆ ಅವತ್ತು ಒಬ್ಬರೂ ಹೀಗೆ ಬೈಯಲಿಲ್ಲ ಕಣೋ. ಎಲ್ಲರೂ ಒಳ್ಳೆಯವರಾಗಿ ಸುಮ್ಮನಿದ್ದುಬಿಟ್ಟರು. ಕೇಳಿದ ತಕ್ಷಣ ಈ ಕೋಣೆ ಕೊಟ್ಟರು. ಎರಡು ವರ್ಷ ಕೂತಿದ್ದೀನಿ ಇಲ್ಲಿ. ಬ್ಯಾಟರಿ ಬಿಟ್ಟು ಏನೂ ಸಿಗಲ್ಲ. ನಿನಗೆ ಕೊಡಲ್ಲ ನಾನು."

ಮೂಗು ಒರೆಸಿಕೊಂಡು ಹೆಲ್ಮೆಟ್ಟು ತೆಗೆದು ಅವನ ತಲೆಗೆ ಹಾಕಿದೆ. ಪಟ್ಟಿ ಎರಡು ತೂತು ಸಡಿಲ ಮಾಡಬೇಕಾಯಿತು. ದೀಪ ಆರಿಸಿದೆ. ಬಕೆಟ್ಟು ಪಕ್ಕಕ್ಕಿಟ್ಟು, ತೋಳು ಹಿಡಿದುಕೊಂಡು, "ನಡಿ," ಎಂದೆ.

ಏಳು ಹೆಜ್ಜೆ ನಡೆದ. ಎಂಟನೆಯದಕ್ಕೆ ಬಕೆಟ್ಟು ಬೇಕಾಯಿತು. ನಾಳೆ ಹತ್ತು ಹೆಜ್ಜೆ ಎಂದು ಹೇಳಿ ಕಳಿಸಿದ್ದೇನೆ, ಭಾನುವಾರ ಇಬ್ಬರೂ ಇಪ್ಪತ್ತೆರಡನೇ ಚೌಕಕ್ಕೆ ಹೋಗುತ್ತೇವೆ.